ಪಂಚರ ಪಂಚಾಯಿತಿ

ಬಳ್ಳಾರಿಯಲ್ಲಿ ಮಿರ್ಚಿ ಬಾಣಲೆಗೆ ಬೀಳುವ ಚುರ್ ಸದ್ದು ಕೇಳಿದ ಮೇಲೇ ಬೆಳಗಾಯಿತೆಂದು ಲೆಕ್ಕ. ಮೊನ್ನೆ ನಮ್ಮ ಓಣಿಯ ಮೂಲೆಯ ಅಂಗಡಿಯಲ್ಲಿ ಒಂದು ಪ್ಲೇಟ್ ಮಂಡಕ್ಕಿ ಒಗ್ಗರಣಿ ಹಿಡಿದು ಕೂತಿದ್ದೆ. ಮಿರ್ಚಿಯ ಎಣ್ಣೆ ಹೀರಲಿ ಎಂದು ಅಂಗಡಿಯಾತ ಕೊಟ್ಟ ಹಳೇ ಪೇಪರಿನ ತುಂಡಿನ ಮೇಲೆ ದಪ್ಪಕ್ಷರದಲ್ಲಿ ‘ತನಿಖೆಗೆ ವಿಪಕ್ಷ ಪಟ್ಟು’ ಅಂತಿತ್ತು. ಮುಂದಿನದು ಹರಿದು ಹೋಗಿತ್ತು, ತಾರೀಖಿನ ಮೇಲೆ ಮಿರ್ಚಿ ಕೂತಿತ್ತು. ಇದು ಯಾವ ವರ್ಷದ್ದು, ಯಾರ ಮೇಲೆ ಯಾರು ಹಿಡಿದ ಪಟ್ಟು ಎಂದು ಬೆಂಚಿನ ಮೇಲಿದ್ದವರನ್ನು ಕೇಳಿದೆ. ಒಬ್ಬರು 2010ರದ್ದು ಅಂದರು. ಇನ್ನೊಬ್ಬರು, ‘ಏ, ಮೊನ್ನಿ ಮೊನ್ನಿದು ಬಿಡ್ರಿ’ ಅಂದರು. ಯಾರದ್ದನ್ನೂ ತಪ್ಪೆನ್ನಲು ಬರಲಿಲ್ಲ. ‘ವಿಪಕ್ಷ’ ಅನ್ನುವುದು ಬಾಡಿಗೆ ಮನೆಯ ಹಾಗೆ. ಬೋರ್ಡು ಅದೇ ಇರುತ್ತದೆ, ಒಕ್ಕಲು ಬದಲಾಗಿರುತ್ತದೆ.

ಈ ಒಕ್ಕಲು ಬದಲಾಗುವ ತಮಾಷೆಯನ್ನು ನಾನು ಮನೆಯೊಳಗೇ ನೋಡಿದವನು. ನಮ್ಮ ದೊಡ್ಡಪ್ಪ ಕುರುಗೋಡಿನವರು. ಮೆಣಸಿನಕಾಯಿ ಬೆಳೆಯುತ್ತಾರೆ, ಬಿಜೆಪಿ. ನಾನು ಮಗಳನ್ನು ಕೊಟ್ಟ ಬೀಗರು ಸಿರುಗುಪ್ಪದವರು. ತುಂಗಭದ್ರೆಯ ನೀರಿನಲ್ಲಿ ಭತ್ತ ಬೆಳೆಯುತ್ತಾರೆ, ಕಾಂಗ್ರೆಸ್. ನಡುವೆ ಬಳ್ಳಾರಿಯಲ್ಲಿ ನಾನು, ಅನ್ನಕ್ಕೆ ಅವರನ್ನೂ ಖಾರಕ್ಕೆ ಇವರನ್ನೂ ನಂಬಿಕೊಂಡವನು. ಯಾರನ್ನೂ ಎದುರು ಹಾಕಿಕೊಳ್ಳುವ ಹಾಗಿಲ್ಲ.

2026ರ ಜನವರಿ 1ರಂದು ನಮ್ಮೂರಲ್ಲಿ ನಡೆದದ್ದು ಎಲ್ಲರಿಗೂ ಗೊತ್ತು. ವಾಲ್ಮೀಕಿ ಪ್ರತಿಮೆಯ ಅನಾವರಣಕ್ಕೆಂದು ಕಟ್ಟುತ್ತಿದ್ದ ಬ್ಯಾನರಿನ ವಿಷಯಕ್ಕೆ, ಗಂಗಾವತಿಯ ಬಿಜೆಪಿ ಶಾಸಕ ಜನಾರ್ದನ ರೆಡ್ಡಿಯವರ ಬಳ್ಳಾರಿ ಮನೆಯ ಮುಂದೆ, ಅವರ ಕಡೆಯವರಿಗೂ ನಗರದ ಕಾಂಗ್ರೆಸ್ ಶಾಸಕ ನಾರಾ ಭರತ್ ರೆಡ್ಡಿಯವರ ಕಡೆಯವರಿಗೂ ಜಗಳ ಹತ್ತಿತು. ಕಲ್ಲು ಬಿತ್ತು, ಗುಂಡು ಹಾರಿತು. ಕಾಂಗ್ರೆಸ್ಸಿನ ಒಬ್ಬ ಯುವ ಕಾರ್ಯಕರ್ತ ಪ್ರಾಣ ಬಿಟ್ಟ. ಅವತ್ತೇ ಅಧಿಕಾರ ವಹಿಸಿಕೊಂಡಿದ್ದ ಎಸ್‌ಪಿ ಮರುದಿನ ಅಮಾನತಾದರು. ಬ್ಯಾನರಿನಲ್ಲಿದ್ದ ಆ ಆದಿಕವಿಯ ಕತೆ ನೋಡಿ: ಜೋಡಿ ಹಕ್ಕಿಯಲ್ಲಿ ಒಂದಕ್ಕೆ ಬಾಣ ಬಿದ್ದಾಗ ಆತನ ಬಾಯಿಂದ ಮೊದಲು ಬಂದದ್ದು ಶೋಕ. ನಮ್ಮಲ್ಲಿ ಮೊದಲು ಬಂದದ್ದು ಆಗ್ರಹ.

ಕಾಂಗ್ರೆಸ್ ಸರ್ಕಾರ ಕೇಸನ್ನು ಸಿಐಡಿಗೆ ಕೊಟ್ಟಿತು. ಬಿಜೆಪಿ ಸಿಬಿಐ ಬೇಕೆಂದಿತು. ಕುರುಗೋಡಿನಿಂದ ದೊಡ್ಡಪ್ಪ ಫೋನ್ ಮಾಡಿ, ‘ಸಿಐಡಿ ಯಾರ ಕೈಯಾಗೈತಿ ಹೇಳು? ಕಳ್ಳನ ಕೈಯಾಗ ಕೀಲಿ ಕೊಟ್ಟಂಗಾತು’ ಅಂದರು. ಸಂಜೆ ಸಿರುಗುಪ್ಪದಿಂದ ಬೀಗರು, ‘ಅಲ್ರೀ ಬೀಗರೇ, ನಮ್ಮ ಪೊಲೀಸ್ರು ಅದಾರಲ್ಲ? ದಿಲ್ಲಿಯಿಂದ ಬಂದು ನಮ್ಮ ಓಣಿ ಹುಡುಕ್ತಾರೇನು?’ ಅಂದರು. ಎರಡೂ ಮಾತು ನನಗೆ ಎಲ್ಲೋ ಕೇಳಿದ ಹಾಗಿತ್ತು. ಕೇಳಿದ್ದೆ, 2010ರಲ್ಲಿ. ಬಾಯಿ ಮಾತ್ರ ಅದಲು ಬದಲಾಗಿತ್ತು.

ಆಗ ಅಕ್ರಮ ಗಣಿಗಾರಿಕೆ ಸಿಬಿಐಗೆ ಹೋಗಲಿ ಎಂದು ಕಾಂಗ್ರೆಸ್ ಸದನದಲ್ಲೇ ಹಾಸಿಗೆ ಹಾಸಿ ಅಹೋರಾತ್ರಿ ಧರಣಿ ಕೂತಿತ್ತು. ಆಮೇಲೆ ಸಿದ್ದರಾಮಯ್ಯನವರು ಬೆಂಗಳೂರಿನಿಂದ ಬಳ್ಳಾರಿಗೆ ಸುಮಾರು 320 ಕಿಲೋಮೀಟರ್ ಪಾದಯಾತ್ರೆ ಬಂದರು. ನಮ್ಮ ಬೀಗರು ಕಡೆಯ ದಿನ ಅದರಲ್ಲಿ ಸೇರಿಕೊಂಡು ಕಾಲಿಗೆ ಗುಳ್ಳೆ ಎಬ್ಬಿಸಿಕೊಂಡವರು. ‘ಲೋಕಾಯುಕ್ತರು ನೋಡ್ತಿದಾರಲ್ಲ, ಸಾಕು’ ಅನ್ನುವುದು ಆಗಿನ ಬಿಜೆಪಿ ಸರ್ಕಾರದ ಉತ್ತರ, ಅದೇ ದೊಡ್ಡಪ್ಪನ ಉತ್ತರವೂ. ಲೋಕಾಯುಕ್ತ ಸಂತೋಷ್ ಹೆಗ್ಡೆಯವರು 2011ರ ಜುಲೈ 27ರಂದು ವರದಿ ಕೊಟ್ಟರು. ತಿಂಗಳು ಮುಗಿಯುವಷ್ಟರಲ್ಲಿ ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಸಾಕು ಅಂದವರಿಗೇ ಅದು ಸಾಕುಸಾಕಾಯಿತು.

ನಮ್ಮ ಕಡೆ ಜಗಳ ಬಿಡಿಸುವವರಿಗೆ ಪಂಚರು ಅನ್ನುತ್ತೇವೆ. ಸರ್ಕಾರದ ಪಂಚರಲ್ಲಿ ಬಹಳ ತರಹ. ಸಭಾಧ್ಯಕ್ಷರೋ ಸಭಾಪತಿಗಳೋ ಶಾಸಕರನ್ನೇ ಕೂಡಿಸಿ ಮಾಡುವುದು ಸದನ ಸಮಿತಿ. 1952ರ ವಿಚಾರಣಾ ಆಯೋಗಗಳ ಕಾಯ್ದೆಯಡಿ ನಿವೃತ್ತ ನ್ಯಾಯಮೂರ್ತಿಗಳನ್ನು ಕರೆಸುವುದು ಆಯೋಗ. ಸರ್ಕಾರ ಮನಸ್ಸಾದರೆ ಆಯೋಗ ಮಾಡಬಹುದು. ಶಾಸನಸಭೆ ನಿರ್ಣಯ ಮಾಡಿತೆಂದರೆ ಮಾಡಲೇಬೇಕು. ಆದರೆ ನಿರ್ಣಯಕ್ಕೆ ಬಹುಮತ ಬೇಕು, ಬಹುಮತ ಇರುವುದು ಸರ್ಕಾರದ ಹತ್ತಿರ. ಅತ್ತೆಯ ಮೇಲಿನ ದೂರಿಗೆ ಅತ್ತೆಯೇ ಅಂಕಿತ ಹಾಕಬೇಕು ಅಂದಂತೆ. ವರದಿ ಬಂದು ಆರು ತಿಂಗಳೊಳಗೆ, ಏನು ಕ್ರಮ ಕೈಗೊಂಡೆವು ಎಂಬ ಟಿಪ್ಪಣಿ ಸಮೇತ ಅದನ್ನು ಸದನದ ಮುಂದಿಡಬೇಕು. ಒಪ್ಪಲೇಬೇಕೆಂಬ ಕಟ್ಟಳೆ ಮಾತ್ರ ಇಲ್ಲ. ಆಯೋಗ ಯಾರನ್ನೂ ಜೈಲಿಗೆ ಕಳಿಸುವುದಿಲ್ಲ. ಹೀಗಾಯಿತು, ಹೀಗೆ ಮಾಡಿ ಎಂದು ಹೇಳುತ್ತದೆ, ಅಷ್ಟೆ. ಹೇಳುವುದಕ್ಕೆ ಅಷ್ಟೇ ಅಧಿಕಾರವಿರುವ ಪಂಚರನ್ನು ನೇಮಿಸಲು ಇಷ್ಟೊಂದು ಕುಸ್ತಿ ಯಾಕೆ? ಜನ ನಂಬುವ ಮಾತು ಅವರ ಬಾಯಿಂದ ಬರುತ್ತದೆಂಬ ಭಯಕ್ಕೆ.

ಈ ಕುಸ್ತಿಯಲ್ಲಿ ಕರ್ನಾಟಕ ಒಂದು ಕಾಲಕ್ಕೆ ದೇಶಕ್ಕೇ ಪಾಠ ಹೇಳಿದೆ. 1977ರಲ್ಲಿ ಇಲ್ಲಿ ಕಾಂಗ್ರೆಸ್ಸಿನ ದೇವರಾಜ ಅರಸು, ದಿಲ್ಲಿಯಲ್ಲಿ ಆಗತಾನೇ ಬಂದ ಜನತಾ ಸರ್ಕಾರ. ಅರಸು ಸರ್ಕಾರದ ಮೇಲಿನ ಆರೋಪಗಳ ವಿಚಾರಣೆಗೆ ರಾಜ್ಯ ಮೇ 18ರಂದು ತನ್ನದೊಂದು ಆಯೋಗ ಮಾಡಿಕೊಂಡಿತು. ಐದು ದಿನಕ್ಕೆ ಕೇಂದ್ರ ಇನ್ನೊಂದು ಆಯೋಗ ಮಾಡಿ ನ್ಯಾಯಮೂರ್ತಿ ಎ.ಎನ್. ಗ್ರೋವರ್ ಅವರನ್ನು ಕೂಡಿಸಿತು. ರಾಜ್ಯದ ಮಂತ್ರಿಗಳ ಮೇಲೆ ಕೇಂದ್ರ ಆಯೋಗ ಮಾಡಬಹುದೇ ಎಂದು ರಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. ಏಳು ನ್ಯಾಯಮೂರ್ತಿಗಳ ಪೀಠ ಕೂತು, ಮಾಡಬಹುದು ಎಂದಿತು. ಆಗಿದ್ದೇನು ಎಂಬ ಪ್ರಶ್ನೆಗಿಂತ ಕೇಳುವವರು ಯಾರು ಎಂಬ ಪ್ರಶ್ನೆಯೇ ಮುಂದೆ ಓಡಿತ್ತು.

ಅದು ದುಡ್ಡಿನ ಆರೋಪ, ಹೊಡೆದಾಟದ್ದು ಹೇಳಿ ಅನ್ನುತ್ತೀರಾ? 2020ರ ಡಿಸೆಂಬರ್ 15 ಇದೆಯಲ್ಲ. ಹಿರಿಯರ ಮನೆ ಎನ್ನಿಸಿಕೊಂಡ ವಿಧಾನ ಪರಿಷತ್ತಿನಲ್ಲಿ, ಪೀಠದಲ್ಲಿ ಕೂತಿದ್ದ ಉಪಸಭಾಪತಿ ಧರ್ಮೇಗೌಡರನ್ನು ಕಾಂಗ್ರೆಸ್ ಸದಸ್ಯರು ಎಳೆದು ಇಳಿಸಿದ್ದನ್ನು ಇಡೀ ರಾಜ್ಯ ಟಿವಿಯಲ್ಲಿ ನೋಡಿತು. ಅವರನ್ನು ಅಲ್ಲಿ ಕೂರಿಸಿದ್ದೇ ನಿಯಮಬಾಹಿರ ಎಂಬುದು ಕಾಂಗ್ರೆಸ್ಸಿನ ವಾದ. ಸಭಾಪತಿ ಪ್ರತಾಪಚಂದ್ರ ಶೆಟ್ಟರು ಮರಿತಿಬ್ಬೇಗೌಡರ ಅಧ್ಯಕ್ಷತೆಯಲ್ಲಿ ಸದನ ಸಮಿತಿ ಮಾಡಿದರು. ಸಮಿತಿಯಲ್ಲಿದ್ದ ಬಿಜೆಪಿ ಸದಸ್ಯರು ಹಿಂದೆ ಸರಿದರು. ಸಭಾಪತಿಗಳ ಮೇಲೇ ಅವಿಶ್ವಾಸ ಎಂದವರು ಅವರು ನೇಮಿಸಿದ ಪಂಚರನ್ನು ಒಪ್ಪುವುದು ಹೇಗೆ? ಈ ಗುದ್ದಾಟದ ನಡುವೆ, ಆ ಡಿಸೆಂಬರ್ ಮುಗಿಯುವ ಮೊದಲೇ ಧರ್ಮೇಗೌಡರು ತೀರಿಕೊಂಡರು.

ನಮ್ಮವರೇ ಹೀಗೆ ಎಂದು ಹಲುಬುವುದು ಬೇಡ. 2021ರ ಜನವರಿ 6ರಂದು ಅಮೆರಿಕದ ಸಂಸತ್ ಭವನಕ್ಕೇ ಗುಂಪು ನುಗ್ಗಿತು. ಎರಡೂ ಪಕ್ಷಗಳಿಂದ ಐದೈದು ಮಂದಿಯ ಆಯೋಗವಾಗಲಿ ಎಂಬ ಮಸೂದೆ ಕೆಳಮನೆಯಲ್ಲಿ ಗೆದ್ದು, ಸೆನೆಟ್ಟಿನಲ್ಲಿ 54-35 ಮತ ಪಡೆದೂ ಬಿತ್ತು. ಅಲ್ಲಿ ಚರ್ಚೆ ಮುಗಿಸಿ ಮುಂದೆ ಹೋಗಲು 60 ಬೇಕು. ಆಮೇಲೆ ಕೆಳಮನೆ ತನ್ನದೇ ಸಮಿತಿ ಮಾಡಿತು. ಸ್ಪೀಕರ್ ಎದುರು ಪಕ್ಷದ ಇಬ್ಬರ ಹೆಸರು ಹೊಡೆದುಹಾಕಿದರು, ಆ ಪಕ್ಷದ ನಾಯಕ ಉಳಿದವರನ್ನೂ ವಾಪಸ್ ಕರೆಸಿಕೊಂಡ. ಪ್ರಾಣ ಉಳಿಸಿಕೊಂಡು ಓಡಿದವರು ಅದೇ ಸದಸ್ಯರು, ಅದೇ ಕಟ್ಟಡ. ಆದರೂ ಪಂಚರು ಯಾರು ಎಂಬಲ್ಲಿ ಸಿಕ್ಕಿಬಿದ್ದರು.

ಈಗ ನಮ್ಮ ಮನೆಯ ಕತೆ ಹೇಳಿಬಿಡುತ್ತೇನೆ. ಮಗಳ ಮದುವೆ ಸಿರುಗುಪ್ಪದಲ್ಲಿ. ನಮ್ಮ ಕಡೆ ಈಗ ಮದುವೆಗೆ ಫ್ಲೆಕ್ಸ್ ಇಲ್ಲದಿದ್ದರೆ ಬಾಸಿಂಗ ಇಲ್ಲದ ಹಾಗೆ. ಬೀಗರ ಹುಡುಗರು ಕಲ್ಯಾಣ ಮಂಟಪದ ಮುಂದೆ ಕಟ್ಟಿಸಿದ ಫ್ಲೆಕ್ಸಿನಲ್ಲಿ ತಮ್ಮ ನಾಯಕರ ಫೋಟೊ ಮದುಮಗನ ಮುಖಕ್ಕಿಂತ ದೊಡ್ಡದಿತ್ತು. ಕುರುಗೋಡಿನಿಂದ ಬಂದ ದೊಡ್ಡಪ್ಪನ ಮೊಮ್ಮಕ್ಕಳು ಅದರ ಮುಂದೆಯೇ ತಮ್ಮದೊಂದು ಕಟ್ಟಿಸಲು ಹೋದರು. ಜಗ್ಗಾಟದಲ್ಲಿ ಫ್ಲೆಕ್ಸು ಸರಿಯಾಗಿ ವಧೂವರರ ನಡುವೆ ಹರಿಯಿತು. ಬಿದಿರಿನ ಗಳ ಕಳಚಿ, ಮೇಲೆ ಹತ್ತಿ ತಂತಿ ಬಿಗಿಯುತ್ತಿದ್ದ ಕೂಲಿ ಹುಡುಗ ಕೆಳಗೆ ಬಿದ್ದ, ಹಣೆ ಒಡೆಯಿತು.

‘ಪಂಚರು ಕೂಡ್ರಲಿ’ ಎಂದು ಯಾರೋ ಹಿರಿಯರು ಅಂದರು. ಒಳ್ಳೇ ಮಾತು. ಯಾರು ಕೂಡಬೇಕು? ಬೀಗರು ಮೂರು ಹೆಸರು ಹೇಳಿದರು. ‘ಮೂವರೂ ನಿಮ್ಮ ಮಿಲ್ಲಿಗೇ ನೆಲ್ಲು ಹಾಕೋರು’ ಎಂದು ದೊಡ್ಡಪ್ಪ ತಳ್ಳಿಹಾಕಿದರು. ದೊಡ್ಡಪ್ಪ ಇಬ್ಬರನ್ನು ಹೇಳಿದರು. ‘ಅವರು ನಿಮಗ ಸಾಲ ಕೊಟ್ಟೋರು’ ಎಂದು ಬೀಗರು. ರಿಟೈರಾದ ಮೇಷ್ಟ್ರೊಬ್ಬರಿದ್ದರು, ಎಲ್ಲರೂ ಅವರತ್ತ ತಿರುಗಿದರು. ‘ಮೇಷ್ಟ್ರು ಬಂಗಾರದಂಥೋರು. ಆದ್ರ ಅವರ ಅಳಿಯ ಯಾವ ಪಾರ್ಟಿ?’ ಎಂದು ಒಂದು ದನಿ ಎದ್ದಿತು. ಮೇಷ್ಟ್ರು ಮೆಲ್ಲಗೆ ಚಪ್ಪಲಿ ಹುಡುಕಿಕೊಂಡರು. ಹೊಡೆದಾಟ ನಡೆದದ್ದು ಐದು ನಿಮಿಷ. ಪಂಚರ ಮೇಲಿನ ಪಂಚಾಯಿತಿ ಎರಡು ತಾಸು. ಅಡಿಗೆಯವರು ಸೌಟು ಹಿಡಿದೇ ಹೊರಗೆ ಬಂದು, ‘ಸಾರು ಮೂರನೇ ಸಲ ಕಾಸೀನಿ, ಇನ್ನ ಕಾಸಿದ್ರ ತಳ ಹಿಡಿತೈತಿ’ ಅಂದಾಗ ಎಲ್ಲರೂ ಎದ್ದರು.

ಕೈ ತೊಳೆಯಲು ಹಿತ್ತಲಿಗೆ ಹೋದೆ. ಬೀಗರ ತಾಯಿ, ಎಂಬತ್ತು ದಾಟಿದ ಮುದುಕಿ, ಆ ಕೂಲಿ ಹುಡುಗನನ್ನು ಕಟ್ಟೆ ಮೇಲೆ ಕೂಡಿಸಿಕೊಂಡು ಹಣೆಗೆ ಅರಿಶಿನ ಒತ್ತುತ್ತಿದ್ದರು. ‘ನೋವಾತೇನೋ ಯಪ್ಪಾ? ಉಂಡೀಯೇನು?’ ಎರಡು ತಾಸಿನಲ್ಲಿ ಆ ಹುಡುಗನಿಗೆ ಯಾರಾದರೂ ಕೇಳಿದ ಪ್ರಶ್ನೆ ಅವೆರಡೇ.

ಹಾಗಾದರೆ ಪಂಚರಿಂದ ಏನೂ ಆಗುವುದಿಲ್ಲವೇ? ಹಾಗೆಂದರೆ ಬಳ್ಳಾರಿಯವನಾಗಿ ನಾನು ಕೃತಘ್ನನಾಗುತ್ತೇನೆ. ಆಂಧ್ರ ರಾಜ್ಯ ಮಾಡುವಾಗ ನಮ್ಮ ಜಿಲ್ಲೆಯನ್ನು ಹಂಚಿದರು. ಆಲೂರು, ಆದೋನಿ, ರಾಯದುರ್ಗ ಅತ್ತ ಹೋದವು. ಸಿರುಗುಪ್ಪ ಇತ್ತ ಮೈಸೂರಿಗೆ ಎಂದಾಯಿತು. ಬಳ್ಳಾರಿ ತಾಲ್ಲೂಕು ಮಾತ್ರ ಯಾರಿಗೆಂದು ತೀರಲಿಲ್ಲ. ಕುರುಗೋಡು ಆಗ ಅದೇ ತಾಲ್ಲೂಕಿನ ಊರು. ಅಂದರೆ ಬೀಗರ ಮನೆಯವರು ನಿಶ್ಚಿಂತೆಯಿಂದ ಮಲಗಿದಾಗ ದೊಡ್ಡಪ್ಪನ ಮನೆಯವರು ನಾಳೆ ಯಾವ ರಾಜ್ಯದಲ್ಲಿ ಏಳುತ್ತೇವೋ ಎಂದು ಕೂತಿದ್ದರು. ಹೈದರಾಬಾದ್ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಲ್.ಎಸ್. ಮಿಶ್ರಾ ಅವರ ಏಕಸದಸ್ಯ ಆಯೋಗ ಕೂತಿತು. ಮೈಸೂರಿನವರೂ ಅಲ್ಲದ, ಮದ್ರಾಸಿನವರೂ ಅಲ್ಲದ ಮನುಷ್ಯ. ಅವರ ವರದಿಯ ಮೇಲೆ 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿತು. ರಕ್ತ ಬೀಳಲಿಲ್ಲ ಎನ್ನಲಾರೆ: ಆ ಸಂಭ್ರಮಕ್ಕೆ ಹಾಕಿದ ಚಪ್ಪರ ಕಾಯುತ್ತಿದ್ದ ರಂಜಾನ್ ಸಾಬರು ದಾಳಿಗೆ ಸಿಕ್ಕು ಹುತಾತ್ಮರಾದರು. ಎಷ್ಟು ನೆಟ್ಟಗಿನ ಪಂಚರಾದರೂ ಚಪ್ಪರದ ಕೆಳಗೆ ಕಾವಲಿದ್ದವನನ್ನು ಕಾಯಲಾರರು. ಆದರೆ ತೀರ್ಪು ನಿಂತಿತು.

ಪಂಚರನ್ನು ಜಗಳವಾದ ಮೇಲೆ ಹುಡುಕಿದರೆ ಸಿಗುವುದಿಲ್ಲ. ಆಗ ಪ್ರತಿ ಹೆಸರಿಗೂ ಒಂದು ಬಣ್ಣ ಕಾಣುತ್ತದೆ. ಇದನ್ನು ಸದನಕ್ಕೆ ಹೇಳುವಷ್ಟು ದೊಡ್ಡವನಲ್ಲ ನಾನು. ಮನೆಯಲ್ಲಿ ಹೇಳಿದೆ. ಮಗಳ ಸೀಮಂತಕ್ಕೆ ಮೊದಲೇ ದೊಡ್ಡಪ್ಪ ಒಂದು ಹೆಸರು, ಬೀಗರು ಒಂದು ಹೆಸರು ಹೇಳಿ ಎಲೆ ಅಡಿಕೆ ಬದಲಿಸಿಕೊಂಡರು. ಜಗಳವೇ ಇರಲಿಲ್ಲವಾದ್ದರಿಂದ ಹತ್ತು ನಿಮಿಷದಲ್ಲಿ ಮುಗಿಯಿತು. ಆ ಇಬ್ಬರು ಪಂಚರು ಅವತ್ತು ಹೋಳಿಗೆ ಉಂಡು ಹೋದರು, ಬೇರೆ ಕೆಲಸ ಬೀಳಲಿಲ್ಲ.

ಒಗ್ಗರಣಿ ಮುಗಿಸಿ ಎದ್ದೆ. ಅಂಗಡಿ ಮುಂದಿನ ಲೈಟು ಕಂಬದ ನಡುವಿಗೆ ಬೈಂಡಿಂಗ್ ವಾಯರ್ ಸುತ್ತಿ ಸುತ್ತಿ ಗಂಟಾಗಿದೆ, ಒಂದರ ಮೇಲೊಂದು, ಕೆಳಗಿನದು ತುಕ್ಕು ಹಿಡಿದು, ಮೇಲಿನದು ಇನ್ನೂ ಮಿಂಚುತ್ತ. ಯಾವ ಸುತ್ತು ಯಾವ ಪಕ್ಷದ್ದೆಂದು ಹೇಳಲು ಬಾರದು. ಅಂಗಡಿಯಾತ ತನ್ನ ಕೈ ಒರೆಸುವ ಬಟ್ಟೆಯನ್ನು ಅದಕ್ಕೇ ಸಿಗಿಸಿದ್ದ. ಬ್ಯಾನರ್ ಕಟ್ಟುವ ಹುಡುಗನೊಬ್ಬ ಬೆಂಚಿನ ಮೇಲೆ ಮಿರ್ಚಿ ತಿನ್ನುತ್ತಿದ್ದ. ‘ಇವನ್ನೆಲ್ಲ ಬಿಚ್ಚೋದಿಲ್ಲೇನಪಾ?’ ಎಂದು ಕೇಳಿದೆ.

‘ಕಟ್ಟಾಕ ರೊಕ್ಕ ಕೊಡ್ತಾರ್ರೀ,’ ಅಂದ. ‘ಬಿಚ್ಚಾಕ ಯಾರೂ ಕೊಡಂಗಿಲ್ಲ.’