ಹೆಬ್ಬೆಟ್ಟಿಗೆ ಮೊದಲು

ಟೇಪಿನ ಒಂದು ತುದಿ ನಿಮ್ಮ ಕೈಯಲ್ಲಿದೆ. ಇನ್ನೊಂದು ತುದಿಯನ್ನು ಒತ್ತಿ ಹಿಡಿದು ಮೇಸ್ತ್ರಿ ಬಸದಿಯ ಆವರಣದ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಬೆಳಗಿನ ಏಳು ಗಂಟೆ. ಜಿನನಾಥಪುರದ ಬಚ್ಚಲೊಲೆಗಳಲ್ಲಿ ತೆಂಗಿನ ಸೋಗೆ ಉರಿಯುತ್ತಿದೆ. ಆ ಹೊಗೆ ಗಂಟಲಿಗೆ ಇಳಿದು ಕೆಮ್ಮು ಬರುತ್ತದೆ, ಆದರೂ ಟೇಪು ಅಲುಗಬಾರದೆಂದು ಕೆಮ್ಮನ್ನು ತಡೆದುಕೊಳ್ಳುತ್ತೀರಿ. ಮೂವತ್ತು ಮೀಟರಿನ ಟೇಪು. ಒಂದು ಸಲ ಎಳೆದು ಸುಣ್ಣದ ಗುರುತು ಹಾಕಿಯಾಯಿತು. ಎರಡನೆಯ ಸಲವೂ ಆಯಿತು. ಮೂರನೆಯ ಸಲ ಅದು ಪೂರ್ತಿ ಬಿಚ್ಚಿಕೊಳ್ಳುವುದೇ ಇಲ್ಲ. ನೀವು ಕೊಳ್ಳಬೇಕೆಂದಿರುವ ಮನೆಯ ಜಗುಲಿ ಮೊಣಕಾಲಿಗೆ ತಾಕುತ್ತದೆ.

"ಎಂಟು," ಎನ್ನುತ್ತೀರಿ.

"ಅಲ್ಲಿಗೆ ಅರವತ್ತೆಂಟಾಯ್ತು ಸಾರ್," ಮೇಸ್ತ್ರಿ ಕೂತಲ್ಲಿಂದಲೇ ಕೂಗುತ್ತಾರೆ. "ನೂರರ ಒಳಗೇ ಬತ್ತದೆ."

ಕಾಲಿನ ಬಲ ಹೋದಂತಾಗಿ ಜಗುಲಿಯ ಮೇಲೆ ಕೂರುತ್ತೀರಿ. ಕಲ್ಲು ತಣ್ಣಗಿದೆ, ಇಬ್ಬನಿಯಿಂದ ಒದ್ದೆಯಾಗಿದೆ.

ನಿಮ್ಮೆದುರಿಗಿರುವುದು ಶಾಂತಿನಾಥ ಬಸದಿ. 1200ರ ಸುಮಾರಿನದು, ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ರಕ್ಷಿತ ಪ್ರದೇಶದ ಗಡಿಯಿಂದ 100 ಮೀಟರು ನಿಷೇಧಿತ ವಲಯ, ಅದರಾಚೆಯ 200 ಮೀಟರು ನಿಯಂತ್ರಿತ ವಲಯ. ಅಳತೆ ಗುಡಿಯ ಗೋಡೆಯಿಂದಲ್ಲ, ಗಡಿಯಿಂದ. ನೂರರ ಒಳಗೆ ಹೊಸದಾಗಿ ಏನನ್ನೂ ಕಟ್ಟುವಂತಿಲ್ಲ. ಕಟ್ಟಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸರ್ವೆಯವರು ಬಂದು ಅಳೆದರೆ ನಿಮ್ಮ ಲೆಕ್ಕ ನಾಲ್ಕು ಮೀಟರು ಹೆಚ್ಚುಕಡಿಮೆ ಆದೀತು. ಅರವತ್ತೆಂಟಂತೂ ನೂರಾಗುವುದಿಲ್ಲ.

ತಿಂಗಳುಗಟ್ಟಲೆ ಮನಸ್ಸಿನಲ್ಲೇ ಕಟ್ಟಿದ ಮನೆ ಈಗ ಒಂದೊಂದಾಗಿ ಇಳಿಯುತ್ತದೆ. ಮೊದಲು ಮೇಲಿನ ಮಹಡಿ ಹೋಗುತ್ತದೆ. ಆಮೇಲೆ ತಾರಸಿ, ತಾರಸಿಯಲ್ಲಿ ಹಪ್ಪಳ ಒಣಹಾಕುವ ಅಮ್ಮ, ದಕ್ಷಿಣಕ್ಕೆ ಕಾಣುವ ಚಿಕ್ಕಬೆಟ್ಟ. ಉಳಿಯುವುದು ನಿಮ್ಮ ಬೆನ್ನಿಗಿರುವ ಇಷ್ಟೇ: ಮಣ್ಣಿನ ಗೋಡೆ, ನಾಡಹೆಂಚು, ನಾಲ್ಕು ಮರದ ಕಂಬ.

ಅಮ್ಮ ಒಳಗಿದ್ದಾರೆ. ಅವರ ಹಿಂದೆಯೇ ನೀವೂ ಹೊಸಿಲು ದಾಟುತ್ತೀರಿ. ತಲೆ ಬಗ್ಗಿಸದಿದ್ದರೆ ಬಾಗಿಲವಾಡ ಹಣೆಗೆ ಬಡಿಯುತ್ತದೆ. ಒಳಗೆ ಕತ್ತಲೆ, ಅದರ ಜೊತೆಗೆ ವಾಸನೆ: ಹಳೆಯ ರಾಗಿ, ಇಲಿ, ಎಣ್ಣೆ ಕುಡಿದ ಮರ. ಕಣ್ಣು ಕತ್ತಲೆಗೆ ಹೊಂದಿಕೊಂಡಾಗ ನಡುಮನೆಯ ಗೋಡೆಯಲ್ಲಿ ಒಂದು ಗೂಟ ಕಾಣುತ್ತದೆ, ಹಿಡಿದು ಹಿಡಿದು ನುಣುಪಾದದ್ದು. ಅಮ್ಮ ಆ ಗೋಡೆಗೆ ಅಂಗೈ ಒತ್ತಿ ನಿಂತಿದ್ದಾರೆ. ಮದುವೆಯಾದಾಗಿನಿಂದ ಅವರು ಕಂಡಿದ್ದೆಲ್ಲ ಬಾಡಿಗೆ ಗೋಡೆಗಳು, ಮೊಳೆ ಹೊಡೆಯಬೇಡಿ ಎಂದು ಮಾಲೀಕರು ಹೇಳಿಕಳಿಸುತ್ತಿದ್ದ ಗೋಡೆಗಳು.

"ಬೆಚ್ಚಗಿದೆ," ಎನ್ನುತ್ತಾರೆ. ಮತ್ತೇನೂ ಹೇಳುವುದಿಲ್ಲ.

ಮಾರುವವರಲ್ಲಿ ಹಿರಿಯಣ್ಣ ತಗಡಿನ ಪೆಟ್ಟಿಗೆಯಿಂದ ಹಳೆಯ ಕಂದಾಯ ರಸೀದಿಗಳ ಕಟ್ಟು ತೆಗೆಯುತ್ತಾರೆ. 1974ರದ್ದೊಂದಿದೆ, ಅಂಚು ಮುಟ್ಟಿದರೆ ಪುಡಿಯಾಗುತ್ತದೆ. ನಿಮ್ಮ ಎದೆ ಮತ್ತೆ ಹೊಡೆದುಕೊಳ್ಳುತ್ತದೆ, ಈ ಸಲ ಆಸೆಯಿಂದ. 1992ರ ಜೂನ್ 16ಕ್ಕೆ ಮೊದಲೇ ಇದ್ದ ಮನೆಯಾದರೆ ನೂರು ಮೀಟರಿನ ಒಳಗಿದ್ದರೂ ದುರಸ್ತಿಗೆ ಅನುಮತಿ ಕೇಳಬಹುದು. ಅರ್ಜಿಯನ್ನು ಸಕ್ಷಮ ಪ್ರಾಧಿಕಾರಕ್ಕೆ ಕೊಡಬೇಕು, ಅದು ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಮುಂದೆ ಹೋಗುತ್ತದೆ. ಹೆಂಚು ಬದಲಾಯಿಸಬಹುದು, ಗೋಡೆ ಮೆತ್ತಬಹುದು, ಹುಳು ತಿಂದ ಜಂತೆ ತೆಗೆದು ಹೊಸದು ಇಡಬಹುದು. ಈ ರಸೀದಿ ಆ ದಿನಕ್ಕೆ ನಿಮ್ಮ ಆಧಾರ.

ಹಾಗಾದರೆ ಇದು ಕೆಡವಿ ಕಟ್ಟುವ ಮನೆಯಲ್ಲ, ಇರುವ ಹಾಗೆ ಕಾಪಾಡಿಕೊಳ್ಳುವ ಮನೆ. ಅಂಥ ಮನೆ ನಿಮಗೆ ಬೇಕೇ? ಅಮ್ಮನ ಕೈ ಇನ್ನೂ ಗೋಡೆಯ ಮೇಲಿದೆ. ಬೇಕು ಎನ್ನುತ್ತೀರಿ.

ಪತ್ರ ನೋಂದಾಯಿಸುವ ದಿನ, ಚನ್ನರಾಯಪಟ್ಟಣ. ಬೆಳಿಗ್ಗೆ ಹನ್ನೊಂದು ಗಂಟೆ. ಉಪನೋಂದಣಾಧಿಕಾರಿ ಕಚೇರಿಗೆ ನಿಮ್ಮನ್ನು ಕರೆದಿರುವುದು ಹನ್ನೊಂದೂ ನಲವತ್ತಕ್ಕೆ. ಪತ್ರಬರಹಗಾರರ ಅಂಗಡಿಯಲ್ಲಿ ಜೆರಾಕ್ಸ್ ಯಂತ್ರದ ಬಿಸಿ, ಶಾಯಿಯ ವಾಸನೆ, ಒಬ್ಬರ ಬೆವರು ಇನ್ನೊಬ್ಬರಿಗೆ ತಾಗುವಷ್ಟು ಇಕ್ಕಟ್ಟು. ಅವರು ಕ್ರಯಪತ್ರದ ಚಕ್ಕುಬಂದಿಯನ್ನು ಗಟ್ಟಿಯಾಗಿ ಓದುತ್ತಾರೆ: ಪೂರ್ವಕ್ಕೆ ಓಣಿ, ಪಶ್ಚಿಮಕ್ಕೆ ಪಕ್ಕದವರ ಮನೆ, ಉತ್ತರಕ್ಕೆ ಹಿತ್ತಲು, ದಕ್ಷಿಣಕ್ಕೆ ಓಡಾಡುವ ದಾರಿ. ಶ್ರವಣಬೆಳಗೊಳದ ಸುತ್ತಮುತ್ತ ಸಿಕ್ಕಿರುವ ಐನೂರಕ್ಕೂ ಮಿಕ್ಕ ಶಾಸನಗಳಲ್ಲಿ ದತ್ತಿಯ ಭೂಮಿಯ ಎಲ್ಲೆಯನ್ನು ಹೀಗೆ ದಿಕ್ಕು ಹಿಡಿದು ಹೇಳಿದವೂ ಇವೆ. ಕಲ್ಲಿನಿಂದ ಕಾಗದಕ್ಕೆ ಬಂದರೂ ನೆಲವನ್ನು ಹೆಸರಿಸುವ ರೀತಿ ಬದಲಾಗಿಲ್ಲ. ಕೇಳುತ್ತ ಕೇಳುತ್ತ ನಿಮ್ಮ ತೋಳಿನ ರೋಮ ನಿಲ್ಲುತ್ತದೆ. ಆ ನಾಲ್ಕು ದಿಕ್ಕಿನ ನಡುವೆ ಇನ್ನು ನೀವಿರುತ್ತೀರಿ.

ಕ್ರಯ 18 ಲಕ್ಷ. ಅದರ ಮೇಲೆ ಶೇ. 5ರ ಮುದ್ರಾಂಕ ಶುಲ್ಕ 90,000, ಸೆಸ್ಸು ಸರ್‌ಚಾರ್ಜು ಸೇರಿ 11,700. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1 ಇದ್ದದ್ದು 2 ಆಗಿದೆ, ಅದು 36,000. ಒಟ್ಟು 1,37,700. ಹಣ ಕಟ್ಟಿಯಾಗಿದೆ. ಇ-ಖಾತೆ ಸರಿಯಿದೆ. ಮೂವತ್ತು ವರ್ಷದ ಋಣಭಾರ ಪತ್ರ ಶುದ್ಧವಾಗಿದೆ. ಅಣ್ಣತಮ್ಮಂದಿರಿಬ್ಬರೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದಾರೆ.

"ಆ ಹೆಣ್ಣುಮಗಳೆಲ್ಲಿ?" ಎನ್ನುತ್ತಾರೆ ಅಮ್ಮ.

ಯಾರೂ ಮಾತಾಡುವುದಿಲ್ಲ. ಫ್ಯಾನಿನ ಸದ್ದು ಮಾತ್ರ.

"ತಂಗಿ ಹಿರೀಸಾವೇಲವಳೆ," ಹಿರಿಯಣ್ಣ ಹೇಳುತ್ತಾರೆ. "ಮದ್ವೇಲೇ ಎಲ್ಲ ಕೊಟ್ಟಿದೀವಿ ಅಮ್ಮಾ. ಸಾಕ್ಷಿ ಅಂತ ಹೆಸರು ಹಾಕ್ಸಿದೀವಿ, ಆಮೇಲೆ ಬಂದು ಸೈನ್ ಮಾಡ್ತಾಳೆ. ಸಾರ್, ನೀವು ಹೆಬ್ಬೆಟ್ಟು ಒತ್ತಿ. ಟೈಮಾಯ್ತದೆ."

ನೀವು ವಂಶವೃಕ್ಷವನ್ನು ತೆರೆಯುತ್ತೀರಿ. ಮೂರು ಕವಲು. ಮೂರನೆಯದರಲ್ಲಿ ಅವಳ ಹೆಸರಿದೆ. ಋಣಭಾರ ಪತ್ರವನ್ನು ನೂರು ಸಲ ತಿರುವಿದರೂ ಈ ಹೆಸರು ಅದರಲ್ಲಿ ಸಿಗುವುದಿಲ್ಲ. ನೋಂದಣಿಯಾದ ವ್ಯವಹಾರಗಳಷ್ಟೇ ಅದಕ್ಕೆ ಗೊತ್ತು. ಹುಟ್ಟಿನಿಂದ ಬಂದ ಪಾಲು ಗೊತ್ತಿಲ್ಲ. ಮನೆ ತಾತನ ಕಾಲದ್ದು, ಪಿತ್ರಾರ್ಜಿತ. ಒಟ್ಟುಕುಟುಂಬದ ಆಸ್ತಿಯಲ್ಲಿ ಮಗಳಿಗೂ ಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ತಂದಿತ್ತು. 2005ರಲ್ಲಿ ಅದು ಇಡೀ ದೇಶಕ್ಕೆ ಬಂತು. ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ತಂದೆ ಬದುಕಿದ್ದರೇ ಇಲ್ಲವೇ ಎಂಬುದು ಲೆಕ್ಕಕ್ಕಿಲ್ಲ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ಹೇಳಿತು. ಹೀಗೆ ತಿದ್ದುಪಡಿಯಾದ ಹಿಂದೂ ಉತ್ತರಾಧಿಕಾರ ಕಾಯ್ದೆ ಜೈನರಿಗೂ ಅನ್ವಯಿಸುತ್ತದೆ. ಸಾಕ್ಷಿಯ ಸಹಿಯಿಂದ ಪಾಲು ಕೈ ಬದಲಾಯಿಸುವುದಿಲ್ಲ. ಪಾಲಿದ್ದವರು ಕೊಡುವವರಾಗಿ ಸಹಿ ಹಾಕಬೇಕು.

ಒಳಗಿನಿಂದ ನಿಮ್ಮ ಹೆಸರು ಕರೆಯುತ್ತಾರೆ.

ಏಳುತ್ತೀರಿ. ಬಾಯಿ ಒಣಗಿದೆ. ಸಾಲ ಮಂಜೂರಾಗಿದೆ. ಬಾಡಿಗೆ ಮನೆ ಬಿಡುತ್ತೇವೆಂದು ಹೇಳಿಯಾಗಿದೆ. ಕಟ್ಟಿದ ಶುಲ್ಕದ ಗತಿಯೇನು? ಮುಂಗಡದ ಗತಿಯೇನು? ಇವರು ಸಿಟ್ಟಾಗಿ ಬೇರೆಯವರಿಗೆ ಕೊಟ್ಟರೆ? ಇನ್ನೊಮ್ಮೆ ಕರೆಯುತ್ತಾರೆ. ಹಿರಿಯಣ್ಣ ನಿಮ್ಮ ಮೊಣಕೈ ಹಿಡಿಯುತ್ತಾರೆ. ಎರಡು ಹೆಜ್ಜೆ ಇಡುತ್ತೀರಿ. ಬೆರಳಚ್ಚಿನ ಯಂತ್ರದ ಹಸಿರು ಬೆಳಕು ಕಾಣುತ್ತದೆ. ಹೆಬ್ಬೆರಳು ತಾನಾಗಿಯೇ ಮುಂದೆ ಬರುತ್ತದೆ. ಹಿಂದೆ ತಿರುಗಿ ನೋಡುತ್ತೀರಿ. ಅಮ್ಮ ಎದ್ದಿಲ್ಲ. ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ನೆಲ ನೋಡುತ್ತ ಕೂತಿದ್ದಾರೆ.

ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಿಸಿಕೊಳ್ಳುತ್ತೀರಿ.

"ಇವತ್ತು ಬೇಡ," ಎನ್ನುತ್ತೀರಿ.

ಹಿರೀಸಾವೆಯಲ್ಲಿ ಅವಳ ಮನೆಯ ಅಂಗಳ ತುಂಬ ತೆಂಗಿನ ಚಿಪ್ಪು. ಕೊಬ್ಬರಿ ಒಡೆಯುತ್ತ ಕೂತಿದ್ದಾಳೆ. ಮಚ್ಚು ಬೀಳುವ ಸದ್ದು ನಿಮ್ಮನ್ನು ಕಂಡ ಕೂಡಲೇ ನಿಲ್ಲುತ್ತದೆ. ಸಿಹಿ ಎಣ್ಣೆಯ ವಾಸನೆ ಗಾಳಿಯಲ್ಲೇ ಜಿಡ್ಡಾಗಿ ನಿಂತಿದೆ. ಅವಳು ಅಮ್ಮನಿಗೆ ಚಾಪೆ ಹಾಸುತ್ತಾಳೆ, ಚೊಂಬಿನಲ್ಲಿ ನೀರು ಕೊಡುತ್ತಾಳೆ. ನೀವು ಮಾತು ಹುಡುಕುತ್ತಿರುವಾಗ ಅವಳೇ ಶುರುಮಾಡುತ್ತಾಳೆ.

"ಸಾಕ್ಷಿ ಅಂತ ಹಾಕವ್ರಂತಲ್ಲ ಅಣ್ಣ. ಸಾಕ್ಷಿ ಅಂದ್ರೆ ನೋಡ್ದೋರು. ನಾನು ನೋಡ್ದೋಳಲ್ಲ, ಆ ಮನೇಲಿ ಹುಟ್ಟಿದೋಳು."

ಏನು ಹೇಳುವುದೆಂದು ತೋಚದೆ ಚಿಪ್ಪೊಂದನ್ನು ಕೈಗೆತ್ತಿಕೊಳ್ಳುತ್ತೀರಿ. ಅದರ ಅಂಚು ಬೆರಳಿಗೆ ಚುಚ್ಚುತ್ತದೆ.

"ಮಾರ್ಬೇಡಿ ಅನ್ನಲ್ಲ. ನಾನೇನು ಅಲ್ಲಿ ಹೋಗಿ ಇರ್ತೀನಾ? ಕೊಡೋರ ಸಾಲಲ್ಲಿ ನನ್ನ ಹೆಸರಿರ್ಲಿ. ನನ್ನ ಪಾಲಿನ ದುಡ್ಡು ನನ್ನ ಖಾತೆಗೆ ಬರ್ಲಿ. ಅಷ್ಟೇಯ." ಆಮೇಲೆ ಮಚ್ಚನ್ನು ಮತ್ತೆ ಕೈಗೆ ತೆಗೆದುಕೊಂಡು, ತಲೆ ಎತ್ತದೆ ಕೇಳುತ್ತಾಳೆ: "ನಡುಮನೇಲಿ ಗೂಟ ಇತ್ತು. ಇನ್ನೂ ಐತಾ?"

"ಇದೆಯಮ್ಮ," ಎನ್ನುತ್ತಾರೆ ಅಮ್ಮ.

"ಸ್ಕೂಲ್ ಚೀಲ ನೇತಾಕ್ತಿದ್ದೆ."

ಮುಂದಿನ ಹನ್ನೆರಡು ದಿನ ನಿಮಗೆ ನಿದ್ದೆ ಅಷ್ಟಕ್ಕಷ್ಟೆ. ಫೋನು ಬಂದರೆ ಭಯ, ಬರದಿದ್ದರೂ ಭಯ. ಹಿರಿಯಣ್ಣ ಮೂರು ದಿನ ಫೋನು ಎತ್ತುವುದಿಲ್ಲ. ತಂಗಿಯ ಮನೆಗೆ ಯಾಕೆ ಹೋದಿರಿ ಎಂದು ನಾಲ್ಕನೆಯ ದಿನ ಜೋರು ಮಾಡುತ್ತಾರೆ. ಎಂಟನೆಯ ದಿನ ಅವರ ತಮ್ಮ ಫೋನು ಮಾಡಿ, ಆಗಲಿ, ಮೂರು ಚೆಕ್ಕು ಬರೆಸಿ, ಒಬ್ಬೊಬ್ಬರಿಗೆ ಆರಾರು ಲಕ್ಷ ಎನ್ನುತ್ತಾರೆ. ಪತ್ರ ಹೊಸದಾಗಿ ಬರೆಸುತ್ತೀರಿ. ಕೊಡುವವರು ಮೂವರು.

ಹದಿಮೂರನೆಯ ದಿನ ಅದೇ ಹಸಿರು ಬೆಳಕಿನ ಮುಂದೆ ಅವಳು ನಿಂತಿದ್ದಾಳೆ. ಹೆಬ್ಬೆರಳು ಒತ್ತುತ್ತಾಳೆ. ಯಂತ್ರ ಹಿಡಿಯುವುದಿಲ್ಲ. ಕೊಬ್ಬರಿ ಒಡೆದೊಡೆದು ಬೆರಳಿನ ಗೆರೆಗಳು ಸವೆದುಹೋಗಿವೆ. ಸೆರಗಿಗೆ ಒರೆಸಿಕೊಂಡು ಇನ್ನೊಮ್ಮೆ ಒತ್ತುತ್ತಾಳೆ. ಆಗುವುದಿಲ್ಲ. ನಿಮ್ಮ ಉಸಿರು ನಿಂತಿದೆ. ಹಿರಿಯಣ್ಣ ಮುಂದೆ ಬಂದು, ಏನೂ ಹೇಳದೆ, ತಮ್ಮ ಕರ್ಚೀಫನ್ನು ನೀರಲ್ಲಿ ಅದ್ದಿ ಅವಳ ಕೈಗೆ ಕೊಡುತ್ತಾರೆ. ಬೆರಳು ಉಜ್ಜಿ ಮೂರನೆಯ ಸಲ ಒತ್ತುತ್ತಾಳೆ. ಯಂತ್ರ ಹಿಡಿಯುತ್ತದೆ. ಆಮೇಲೆ ನಿಮ್ಮ ಸರದಿ. ಗಾಜು ಇನ್ನೂ ಒದ್ದೆಯಿದೆ.

ಕಾರ್ತಿಕ ಮಾಸ. ತುಂಬಿದ ಕೊಡ ಹಿಡಿದು ಅಮ್ಮ ಬಲಗಾಲಿಟ್ಟು ಒಳಗೆ ಹೋಗಿದ್ದಾರೆ, ಹಾಲು ಉಕ್ಕಿದೆ, ನೆಂಟರು ಉಂಡು ಹೊರಟಿದ್ದಾರೆ. ನಡುಮನೆಯ ಗೂಟದಲ್ಲಿ ಅಪ್ಪನ ಫೋಟೊ ತೂಗುತ್ತಿದೆ. ನಡುರಾತ್ರಿ ಮಳೆ ಶುರುವಾಗುತ್ತದೆ. ಹಿಂಗಾರಿನ ಮಳೆ, ದಪ್ಪ ಹನಿ. ಮೊದಲು ಹೆಂಚಿನ ಮೇಲೆ ಸದ್ದು, ಆಮೇಲೆ ನಿಮ್ಮ ಕೆನ್ನೆಯ ಮೇಲೆ ತಣ್ಣನೆಯ ಒಂದು ಹನಿ. ಎದ್ದು ಕೂರುತ್ತೀರಿ. ಮೇಲೆಲ್ಲೋ ಹೆಂಚೊಂದು ಜಾರಿ ಹಿತ್ತಲಲ್ಲಿ ಬಿದ್ದು ಒಡೆಯುತ್ತದೆ. ಜಂತೆ ಕಿರ್ರೆನ್ನುತ್ತದೆ. ಬೀಳುತ್ತದೆಯೇ? ಟಾರ್ಚು ಹಿಡಿದು ಏಣಿ ಹತ್ತಿ ಅಟ್ಟಕ್ಕೆ ಹೋಗುತ್ತೀರಿ, ಕೈ ನಡುಗುತ್ತಿದೆ, ಜೇಡರ ಬಲೆ ಮುಖಕ್ಕೆ ಮೆತ್ತುತ್ತದೆ. ಜಂತೆಗೆ ಉಗುರು ಒತ್ತಿ ನೋಡುತ್ತೀರಿ. ಮೇಲೆ ಮಾತ್ರ ಮೆತ್ತಗಿದೆ, ಒಳಗೆ ಗಟ್ಟಿ. ಕೆಳಗಿಳಿದು ಹನಿ ಬೀಳುವಲ್ಲಿ ಬೋಗುಣಿ ಇಡುತ್ತೀರಿ. ಮಾಲೀಕರಿಗೆ ಹೇಳೋಣವೆಂದು ಹಳೆಯ ಅಭ್ಯಾಸದಲ್ಲಿ ಫೋನಿಗೆ ಕೈ ಹೋಗುತ್ತದೆ. ಆಗ ಮೈಯೆಲ್ಲ ಝುಮ್ಮೆನ್ನುತ್ತದೆ. ಮಾಲೀಕರು ನೀವೇ.

ಬಾಗಿಲು ತೆರೆದು ಜಗುಲಿಗೆ ಬರುತ್ತೀರಿ. ಮಿಂಚಿಗೆ ಬಸದಿಯ ಗೋಡೆ ಕಂಡು ಮರೆಯಾಗುತ್ತದೆ. ಹಗಲಲ್ಲಿ ನೋಡಿದ ಜಿನರು, ಯಕ್ಷಿಯರು, ಮದ್ದಳೆಯವರು, ಕುಣಿಯುವವರು ಕತ್ತಲಲ್ಲಿ ನೆನೆಯುತ್ತಿದ್ದಾರೆ. ಈ ಊರನ್ನು ನೆಲೆಗೊಳಿಸಿದವನು ವಿಷ್ಣುವರ್ಧನನ ದಂಡನಾಯಕ ಗಂಗರಾಜ. ಬಸದಿ ಕಟ್ಟಿಸಿದವನು ಮುಂದೆ ವೀರಬಲ್ಲಾಳನ ಕಾಲದ ದಂಡನಾಯಕ ರೇಚಿಮಯ್ಯ. ಅವನು ಶಾಂತಿನಾಥನನ್ನು ಪ್ರತಿಷ್ಠೆ ಮಾಡಿಸಿ ಬಸದಿಯನ್ನು ಸಾಗರನಂದಿ ಸಿದ್ಧಾಂತದೇವರಿಗೆ ಒಪ್ಪಿಸಿದನೆಂದು ಪೀಠದ ಶಾಸನ ಹೇಳುತ್ತದೆ. ಕಟ್ಟಿಸಿದ್ದಷ್ಟೇ ಸಾಲದು, ಯಾರು ಯಾರಿಗೆ ಒಪ್ಪಿಸಿದರೆಂಬುದೂ ದಾಖಲಾಗಬೇಕೆಂದು ಆ ಕಾಲದವರಿಗೂ ಅನ್ನಿಸಿತ್ತು. ನಿಮ್ಮ ಪತ್ರದಲ್ಲೂ ಅದು ದಾಖಲಾಗಿದೆ, ಒಪ್ಪಿಸಿದವರು ಮೂವರೆಂದು. ಮಳೆ ಜೋರಾಗುತ್ತದೆ. ನಾಳೆ ದುರಸ್ತಿಯ ಅರ್ಜಿ ಬರೆಯಬೇಕು, 1974ರ ರಸೀದಿಯನ್ನು ಜೆರಾಕ್ಸ್ ಮಾಡಿಸಬೇಕು.

ಮನೆ ಕೊಳ್ಳುವುದೆಂದರೆ ಗೋಡೆಯನ್ನಷ್ಟೇ ಕೊಳ್ಳುವುದಲ್ಲ. ಅದರಲ್ಲಿ ಪಾಲಿದ್ದವರೆಲ್ಲ ಮನಸಾರೆ ಬಿಟ್ಟುಕೊಟ್ಟರೆ ಮಾತ್ರ ಅದು ನಿಮ್ಮದು. ಮೊದಲ ಮನೆಗೆ ಹೊರಟಿದ್ದರೆ, ಮುಂಗಡ ಕೊಡುವ ಮೊದಲು ಟೇಪು ಹಿಡಿದು ಅದರ ಸುತ್ತ ನಡೆಯಿರಿ. ಆಮೇಲೆ ಆ ಮನೆಯಲ್ಲಿ ಹುಟ್ಟಿ ಬೇರೆ ಊರಿಗೆ ಹೋದ ಹೆಣ್ಣುಮಗಳು ಎಲ್ಲಿದ್ದಾಳೆಂದು ಕೇಳಿ. ಅವಳ ಮನೆಗೆ ಹೋಗಿ ಬನ್ನಿ.