ತೌಡಿನೊಡನೆ ಹೋದುದು

ಊಟವನ್ನು ಕುರಿತು ಮಾತನಾಡುವಾಗ ನಾವು ರುಚಿಯನ್ನು ಹೇಳುತ್ತೇವೆ, ಬೆಲೆಯನ್ನು ಹೇಳುತ್ತೇವೆ. ನಾರಿನ ಮಾತೆತ್ತುವವರು ವಿರಳ. ನಾರು ಜೀರ್ಣವಾಗುವುದಿಲ್ಲ, ರಕ್ತಮಾಂಸವಾಗಿ ಮೈಗೂಡುವುದಿಲ್ಲ. ಆದುದರಿಂದ ಬಹುಕಾಲ ಅದನ್ನು ಕಸವೆಂದೇ ಎಣಿಸಲಾಗಿತ್ತು. ಉಗಾಂಡಾದಲ್ಲಿ ಶಸ್ತ್ರವೈದ್ಯರಾಗಿದ್ದ ಡೆನಿಸ್ ಬರ್ಕಿಟ್ ಅವರು, ಆಫ್ರಿಕದ ಹಳ್ಳಿಗರಲ್ಲಿ ಹಲವು ಕರುಳಿನ ಬೇನೆಗಳು ವಿರಳವಾಗಿರುವುದಕ್ಕೆ ಅವರ ನಾರುಳ್ಳ ಆಹಾರವೇ ಕಾರಣವೆಂದು 1970ರ ದಶಕದಲ್ಲಿ ವಾದಿಸಿದ ಮೇಲೆ ಈ ಕಸಕ್ಕೆ ಬೆಲೆ ಬಂದಿತು.

ನನ್ನ ಶ್ರೀಮತಿಯವರಿಗೆ ಮಧುಮೇಹ ತಲೆದೋರಿದಾಗ, ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕವನ್ನು ತರಿಸಿ ನೋಡಿದೆನು. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು, ರಾಗಿ, ಸಜ್ಜೆ, ಗೋಧಿಗಳಲ್ಲಿ 11ರ ಆಸುಪಾಸು, ಮೆಕ್ಕೆಜೋಳದಲ್ಲಿ 12, ಜವೆಗೋಧಿಯಲ್ಲಿ 15ಕ್ಕೂ ಮಿಗಿಲು. ಬಿಳಿಯ ಅಕ್ಕಿಯಲ್ಲಾದರೋ 3ಕ್ಕೂ ಕಡಿಮೆ.

ಇವೆಲ್ಲಕ್ಕಿಂತ ನನ್ನನ್ನು ಚಿಂತೆಗೆ ಹಚ್ಚಿದುದು ಮೈದಾ. ಇಡೀ ಗೋಧಿಯಲ್ಲಿ 11 ಗ್ರಾಂ, ಅದರದೇ ಮೈದಾದಲ್ಲಿ 3ಕ್ಕೂ ಕಡಿಮೆ! ಧಾನ್ಯ ಒಂದೇ, ನಡುವೆ ಬಂದುದು ಗಿರಣಿ. ಪಾಲಿಶ್ ಮಾಡದ ಅಕ್ಕಿಯಲ್ಲಿ 4 ಗ್ರಾಮಿಗೂ ಹೆಚ್ಚು ನಾರುಂಟು. ಧಾನ್ಯದ ನಾರು ಬಹುಪಾಲು ಅದರ ಹೊರಪದರದಲ್ಲಿರುತ್ತದೆ. ನುಣುಪಿಗೆ ಮನಸೋತು ನಾವು ಅದನ್ನು ದನಗಳ ಮುಂದಿಟ್ಟು, ಬಿಳುಪನ್ನು ಎಲೆಗೆ ಬಡಿಸಿಕೊಳ್ಳುತ್ತೇವೆ.

ನಮ್ಮ ಮನೆಯಲ್ಲಿ ತರ್ಕ ಮೊದಲಾದುದು ಇಲ್ಲಿಂದಲೇ. ಅನ್ನವಿಲ್ಲದೆ ಊಟ ಮುಗಿಯದೆಂಬುದು ಮಕ್ಕಳ ಹಟ. ಶ್ರೀಮತಿಯವರು ಮಾತ್ರ ರಾತ್ರಿಯ ಅನ್ನವನ್ನು ಬಿಟ್ಟು, ಜರಡಿ ಹಿಡಿಯದ ಹಿಟ್ಟಿನ ಎರಡು ಜೋಳದ ರೊಟ್ಟಿ, ಕಾಳಿನ ಪಲ್ಯ ಇಷ್ಟಕ್ಕೇ ನಿಂತರು. ವೈದ್ಯರ ಗುಳಿಗೆಗಳು ನಿಂತಿಲ್ಲ, ನಿಲ್ಲಿಸಲೂ ಬಾರದು. ಆದರೆ ಊಟದ ಬಳಿಕ ಸಕ್ಕರೆ ಮೊದಲಿನಷ್ಟು ಏರುತ್ತಿಲ್ಲ. ಮಲಬದ್ಧತೆಯ ಬಾಧೆಯೂ ಇಳಿದಿದೆ.

ವಯಸ್ಕರಿಗೆ ದಿನಕ್ಕೆ 25 ಗ್ರಾಂ ನಾರಾದರೂ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸೂಚಿಸಿತು. ಧಾನ್ಯವೊಂದರಿಂದಲೇ ಅದು ತುಂಬಬೇಕಾಗಿಲ್ಲ. ಕಾಳು, ಸೊಪ್ಪು, ಹಣ್ಣುಗಳೂ ಕೈಗೂಡಿಸುತ್ತವೆ. ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸುತ್ತದೆ. ಮೆಲ್ಲಮೆಲ್ಲನೆ ಹೆಚ್ಚಿಸುತ್ತ, ನೀರನ್ನು ಸಾಕಷ್ಟು ಕುಡಿಯಬೇಕು.

ಭಕ್ತಬಾಂಧವರಲ್ಲಿ ನನ್ನ ಬಿನ್ನಹವಿಷ್ಟೆ: ಅನ್ನವನ್ನು ತೊರೆಯಬೇಕಾಗಿಲ್ಲ. ಮನೆಯ ಊಟದಲ್ಲಿಯೂ ದಾಸೋಹದ ಪಂಕ್ತಿಯಲ್ಲಿಯೂ ಅನ್ನದ ಮಗ್ಗುಲಲ್ಲಿ ರೊಟ್ಟಿಗೋ ಮುದ್ದೆಗೋ ಅದರ ಹಳೆಯ ಸ್ಥಾನ ಮರಳಿ ದೊರೆಯಲಿ. ಹಿಟ್ಟಿನ ಜರಡಿ ಗೂಟದ ಮೇಲೆಯೇ ಇರಲಿ.