ಬಿಟ್ಟುಹೋದ ಒಂದು ಪದ

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಸರ್ ಫೋನ್ ಮಾಡಿದ್ದರು. ಊರು, ಮಳೆ, ಮಗಳ ಪಿಯುಸಿ ಎಲ್ಲ ಮಾತಾಡಿ ಮುಗಿದ ಮೇಲೆ ಸ್ವಲ್ಪ ತಡೆದು, “ಆ ಪೈಥಾನ್ ಅಂತೀರಲ್ಲ, ಅದನ್ನ ನಂಗೊಂದಿಷ್ಟು ಹೇಳಿಕೊಡ್ತೀಯಾ ಮಾರಾಯ್ತಿ?” ಎಂದರು. ನನಗೆ ತಕ್ಷಣ ಮಾತು ಹೊರಡಲಿಲ್ಲ. ನೆಟ್‌ವರ್ಕ್ ಅಂದರೇನು ಎಂದು ನನಗೆ ಕಲಿಸಿದವರೇ ಅವರು.

ಪಿಎಚ್‌ಡಿಗೆ ಸೇರುವ ಮುಂಚೆ ಬೆಂಗಳೂರಿನ ಒಂದು ಕಂಪನಿಯಲ್ಲಿ ಮೂರು ವರ್ಷ ಅವರ ಜೊತೆ ರಾತ್ರಿ ಪಾಳಿ ಮಾಡಿದ್ದೆ. ಸಾಗರದ ಕಡೆಯವರು, ಇಪ್ಪತ್ತು ವರ್ಷದ ಅನುಭವ. ಕಪ್ಪು ಪರದೆಯ ಮೇಲೆ ಕಮಾಂಡ್ ಟೈಪ್ ಮಾಡಿ, ಎಂಟರ್ ಒತ್ತುವ ಮುಂಚೆ ಇಡೀ ಸಾಲನ್ನು ಬಾಯಿಬಿಟ್ಟು ಓದುತ್ತಿದ್ದರು. ನಾವು ಹುಡುಗರೆಲ್ಲ ಮುಸಿಮುಸಿ ನಗುತ್ತಿದ್ದೆವು. ಅವರ ಬ್ಯಾಗಿನಲ್ಲಿ ಯಾವಾಗಲೂ ತಿಳಿನೀಲಿ ಬಣ್ಣದ ಒಂದು ಕನ್ಸೋಲ್ ಕೇಬಲ್ ಇರುತ್ತಿತ್ತು. ನೆಟ್‌ವರ್ಕೇ ಕೈಕೊಟ್ಟಾಗ ಲ್ಯಾಪ್‌ಟಾಪನ್ನು ನೇರವಾಗಿ ಸ್ವಿಚ್ಚಿಗೆ ಸಿಕ್ಕಿಸಲು ಬೇಕಾದ ತಂತಿ ಅದು.

ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಗಾಳಿ ತಿರುಗಿತ್ತು. 2020ರ ಫೆಬ್ರವರಿಯಲ್ಲಿ ಸಿಸ್ಕೋ ತನ್ನ ಸಿಸಿಎನ್‌ಎ ಪರೀಕ್ಷೆಯನ್ನು ಬದಲಿಸಿ, ಅದರಲ್ಲಿ ನೂರಕ್ಕೆ 10 ಭಾಗವನ್ನು ಆಟೊಮೇಷನ್ನಿಗೆ ಕೊಟ್ಟಿತು. ಈ ಕಸುಬಿಗೆ ಬರುವ ಬಹಳಷ್ಟು ಜನ ಹತ್ತುವ ಮೊದಲ ಮೆಟ್ಟಿಲು ಆ ಪರೀಕ್ಷೆ. ನಾನು ಪೈಥಾನ್ ಕಲಿತಿದ್ದೆ. ಸರ್ ಒಂದು ರಾತ್ರಿಯೆಲ್ಲ ಕೂತು ಮಾಡುವುದನ್ನು ನನ್ನ ಸ್ಕ್ರಿಪ್ಟು ಚಹಾ ಆರುವುದರೊಳಗೆ ಮುಗಿಸುತ್ತಿತ್ತು. ಮ್ಯಾನೇಜರ್ ಬೆನ್ನು ತಟ್ಟಿದರು. ನನಗೂ ಒಂದಿಷ್ಟು ಕೊಂಬು ಬಂತು.

2022ರಲ್ಲಿ ಒಂದು ರಾತ್ರಿ ಆ ಕೊಂಬು ಮುರಿಯಿತು. ಕಚೇರಿಯ 40 ಸ್ವಿಚ್ಚುಗಳಿಗೆ ಹೊಸದೊಂದು ವಿಎಲ್ಯಾನ್ ಸೇರಿಸಬೇಕಿತ್ತು. ಒಂದೇ ತಂತಿಯಲ್ಲಿ ಹಲವು ವಿಭಾಗಗಳ ದತ್ತಾಂಶ ಬೆರೆಯದೆ ಹರಿಯಲು ಮಾಡಿಕೊಂಡ ವ್ಯವಸ್ಥೆ ಈ ವಿಎಲ್ಯಾನ್. ಯಾವ್ಯಾವ ವಿಎಲ್ಯಾನ್ ಹಾದುಹೋಗಬಹುದು ಎಂಬ ಪಟ್ಟಿ ಪ್ರತಿ ಸ್ವಿಚ್ಚಿನಲ್ಲೂ ಇರುತ್ತದೆ. ಅದಕ್ಕೆ 30ನೆಯದನ್ನು ಸೇರಿಸಲು ಕಮಾಂಡಿನಲ್ಲಿ ‘ಆ್ಯಡ್’ ಎಂಬ ಪದ ಬೇಕು. ಆ ಪದ ಬಿಟ್ಟರೂ ಸ್ವಿಚ್ಚು ತಪ್ಪು ಅನ್ನುವುದಿಲ್ಲ. ಹಳೆಯ ಪಟ್ಟಿಯನ್ನು ಅಳಿಸಿ 30 ಒಂದನ್ನೇ ಉಳಿಸುತ್ತದೆ. ನಾನು ಆ ಪದ ಬಿಟ್ಟಿದ್ದೆ. ನಾವು ದೂರದಿಂದ ಸ್ವಿಚ್ಚುಗಳನ್ನು ತಲುಪುತ್ತಿದ್ದ ದಾರಿಯೂ ಅಳಿಸಿಹೋದ ಆ ಪಟ್ಟಿಯಲ್ಲೇ ಇತ್ತು. 40 ಸ್ವಿಚ್ಚುಗಳು ಒಟ್ಟಿಗೆ ಪರದೆಯಿಂದ ಮಾಯವಾದವು. ಕೈಯಿಂದ ಮಾಡಿದ್ದರೆ ಮೊದಲನೆಯದರಲ್ಲೇ ತಿಳಿದುಬಿಡುತ್ತಿತ್ತು.

ನನ್ನ ಕೈ ನಡುಗುತ್ತಿತ್ತು. ಸರ್ ಬೈಯಲಿಲ್ಲ. “ಸೇವ್ ಆಯ್ತಾ?” ಎಂದಷ್ಟೇ ಕೇಳಿದರು. ಯೋಚಿಸಿದೆ. ಸೇವ್ ಮಾಡುವ ಸಾಲು ಸ್ಕ್ರಿಪ್ಟಿನ ಕೊನೆಯಲ್ಲಿತ್ತು. ಸಂಪರ್ಕವೇ ಕಡಿದುಹೋದ ಮೇಲೆ ಅದು ಸ್ವಿಚ್ಚನ್ನು ತಲುಪಿರಲು ಸಾಧ್ಯವಿರಲಿಲ್ಲ. “ಹಾಗಾದ್ರೆ ಬದುಕಿದ್ವಿ. ಕರೆಂಟು ತೆಗೆದು ಹಾಕಿದ್ರೆ ಹಳೇದೇ ಎದ್ದು ಬರುತ್ತೆ, ನಡಿ” ಎಂದರು. ಮಹಡಿಯಿಂದ ಮಹಡಿಗೆ ಹತ್ತಿ, ಒಂದೊಂದೇ ಸ್ವಿಚ್ಚಿನ ಪ್ಲಗ್ ಕಿತ್ತು ಮತ್ತೆ ಚುಚ್ಚಿದೆವು. ಮುಗಿಯುವಾಗ ಬೆಳಗಾಗಿತ್ತು. ಕೆಳಗೆ ಚಹಾ ಕುಡಿಯುತ್ತ ಸರ್ ಹೇಳಿದರು: “ಇಂಥ ಕೆಲಸಕ್ಕೆ ಕೈ ಹಾಕೋ ಮುಂಚೆ ‘ರೀಲೋಡ್ ಇನ್ 10’ ಅಂತ ಹೊಡೀಬೇಕು. ಹೆಚ್ಚುಕಮ್ಮಿ ಆದ್ರೆ ಹತ್ತು ನಿಮಿಷಕ್ಕೆ ಅದೇ ರೀಸ್ಟಾರ್ಟ್ ಆಗಿ ಹಳೇ ಸ್ಥಿತಿಗೆ ಬರುತ್ತೆ. ಸರಿಯಾದ್ರೆ ರದ್ದು ಮಾಡೋದು.” ಎಂದೋ ತಾವೂ ಹೀಗೇ ಕೈ ಸುಟ್ಟುಕೊಂಡು ಕಲಿತದ್ದು ಎಂದು ನಕ್ಕರು.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. 2021ರ ಅಕ್ಟೋಬರ್ 4ರಂದು, ನಮಗಿಲ್ಲಿ ರಾತ್ರಿ ಒಂಬತ್ತು ದಾಟಿದ ಹೊತ್ತಿಗೆ, ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಸುಮಾರು ಆರು ಗಂಟೆ ಕಾಲ ಜಗತ್ತಿನಾದ್ಯಂತ ನಿಂತಿದ್ದವು. ಬೆನ್ನೆಲುಬಿನಂಥ ಒಳಜಾಲದ ಸಾಮರ್ಥ್ಯ ಅಳೆಯಲು ಕೊಟ್ಟ ಒಂದು ಕಮಾಂಡ್ ಆ ಜಾಲವನ್ನೇ ಕಡಿದುಹಾಕಿತ್ತು. ಅಂಥ ತಪ್ಪನ್ನು ತಡೆಯಲೆಂದೇ ಇದ್ದ ತಪಾಸಣೆಯ ತಂತ್ರಾಂಶದಲ್ಲೂ ದೋಷವಿತ್ತು ಎಂದು ಆ ಕಂಪನಿಯೇ ಆಮೇಲೆ ಬರೆದುಕೊಂಡಿತು. ಕೊನೆಗೆ ಎಂಜಿನಿಯರುಗಳು ಡೇಟಾ ಸೆಂಟರಿಗೇ ಹೋಗಿ ಯಂತ್ರಗಳನ್ನು ಮುಟ್ಟಬೇಕಾಯಿತು. ಪ್ಲಗ್ ಕೀಳುತ್ತಿದ್ದ ರಾತ್ರಿ ನನಗೆ ಅವರೇ ನೆನಪಾಗಿದ್ದರು.

ಈಗ ನನ್ನ ಸಂಶೋಧನೆ ಇದರ ಮೇಲೆಯೇ. ಒಂದು ಬದಲಾವಣೆ ಸ್ವಿಚ್ಚಿಗೆ ಹೋಗುವ ಮುಂಚೆಯೇ ಅದರ ಪರಿಣಾಮವನ್ನು ಲೆಕ್ಕ ಹಾಕುವುದು ಹೇಗೆ? ಬ್ಯಾಟ್‌ಫಿಶ್‌ನಂಥ ಮುಕ್ತ ತಂತ್ರಾಂಶಗಳು ಕಾನ್ಫಿಗರೇಷನ್ ಕಡತಗಳನ್ನು ಓದಿ, ಇಡೀ ಜಾಲದ ಮಾದರಿ ಕಟ್ಟಿ, ನಮ್ಮ ಪ್ರಶ್ನೆಗಳಿಗೆ ಉತ್ತರ ಕೊಡುತ್ತವೆ. ಆದರೆ ಪ್ರಶ್ನೆಯನ್ನು ನಾವೇ ಕೇಳಬೇಕು. ‘ಈ ಬದಲಾವಣೆಯ ನಂತರವೂ ನಾನು ಸ್ವಿಚ್ಚನ್ನು ತಲುಪಬಲ್ಲೆನೇ?’ ಎಂದು ಕೇಳಲು ಹೊಳೆಯುವುದು ಒಮ್ಮೆಯಾದರೂ ತಲುಪಲಾಗದೆ ಒದ್ದಾಡಿದವರಿಗೆ. ನನ್ನ ಪ್ರಬಂಧದಲ್ಲಿ ಪರೀಕ್ಷಿಸಬೇಕಾದ ನಿಯಮಗಳ ಒಂದು ಪಟ್ಟಿ ಇದೆ. ಅದರ ಅರ್ಧಕ್ಕಿಂತ ಹೆಚ್ಚು ಸರ್ ಬಾಯಿಂದ ಕೇಳಿದವು.

ಅವರ ತಂಡದಲ್ಲಿ ಹನ್ನೊಂದು ಜನರಿದ್ದರು, ಈಗ ನಾಲ್ವರು. ಉಳಿದವರ ಕೆಲಸ ಸ್ಕ್ರಿಪ್ಟುಗಳಿಗೆ ಹೋಗಿದೆ. ಮೊದಲ ಕೆಲವನ್ನು ಬರೆದವಳು ನಾನೇ. ಸರ್ ಎರಡು ಕಡೆ ಸಂದರ್ಶನಕ್ಕೆ ಹೋಗಿ ಬಂದಿದ್ದಾರೆ. ಎರಡೂ ಕಡೆ ಪೈಥಾನ್ ಬರುತ್ತಾ, ಆನ್ಸಿಬಲ್ ಬರುತ್ತಾ ಎಂದು ಕೇಳಿದರಂತೆ. ರಾತ್ರಿ ಎರಡು ಗಂಟೆಗೆ 40 ಸ್ವಿಚ್ಚು ಸತ್ತರೆ ಏನು ಮಾಡ್ತೀರಿ ಎಂದು ಯಾರೂ ಕೇಳಲಿಲ್ಲವಂತೆ. ಇದನ್ನು ಅವರು ದೂರಾಗಿ ಹೇಳಲಿಲ್ಲ. “ಕಲೀಬೇಕು, ಅದ್ರಲ್ಲೇನಿದೆ” ಎಂದರು.

ಈಗ ಭಾನುವಾರ ಬೆಳಿಗ್ಗೆ ಒಂದೂವರೆ ಗಂಟೆ ನಮ್ಮ ಪಾಠ. ಸಾಲಿನ ಆರಂಭದಲ್ಲಿ ಜಾಗ ಬಿಡುವುದನ್ನು ಮರೆಯುತ್ತಾರೆ, ಪೈಥಾನ್ ಗದರಿದಾಗ “ಇದೊಳ್ಳೆ ಅತ್ತೆ ಆಯ್ತಲ್ಲ” ಎಂದು ಗೊಣಗುತ್ತಾರೆ. ಹೋದ ವಾರ ಅವರ ಮೊದಲ ಸ್ಕ್ರಿಪ್ಟು ಮುಗಿಯಿತು. ರನ್ ಮಾಡುವ ಮುಂಚೆ ಎಂದಿನಂತೆ ಬಾಯಿಬಿಟ್ಟು ಓದಿದರು. ಅದು ಸ್ವಿಚ್ಚಿಗೆ ಕಳಿಸುವ ಮೊದಲ ಕಮಾಂಡ್ ‘ರೀಲೋಡ್ ಇನ್ 10’. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.